ಇಪ್ಪತ್ತು ಲೀಟರಿನ ನೀರಿನ ಕ್ಯಾನು: ಡಬ್ಬಕ್ಕೆ ಪೂರ್ಣಾಂಕ, ನಲ್ಲಿಗೆ ಸೊನ್ನೆ

ಕೆಳಭಾಗದಲ್ಲಿ ನಲ್ಲಿಯುಳ್ಳ, ಆಹಾರ ದರ್ಜೆಯ ದಪ್ಪ ಪ್ಲಾಸ್ಟಿಕ್ಕಿನ ಇಪ್ಪತ್ತು ಲೀಟರಿನ ಮೂರು ನೀಲಿ ಕ್ಯಾನುಗಳು 2022ರ ಕೊನೆಯಿಂದ ಬೆಂಗಳೂರಿನ ನಮ್ಮ ಮನೆಯ ಉಗ್ರಾಣದಲ್ಲಿವೆ. ಇವು ದಿನಬಳಕೆಗೆ ಕೊಂಡವಲ್ಲ. ನೀರು ನಿಂತ ದಿನ ಕುಡಿಯಲು ಮತ್ತು ಅಡುಗೆಗೆ ಇರಲೆಂದು ತುಂಬಿಸಿಟ್ಟ ಆಪತ್ಕಾಲದ ದಾಸ್ತಾನು. ಗಾತ್ರ, ತೂಕ, ಬಣ್ಣಗಳ ವಿವರ ಮಾರಾಟದ ಪುಟಗಳಲ್ಲೆಲ್ಲ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಇಷ್ಟು ಕಾಲ ಬಳಸಿದ ಮೇಲಷ್ಟೇ ತಿಳಿಯುವ ಸಂಗತಿಗಳನ್ನು, ಅದರಲ್ಲಿಯೂ ನಲ್ಲಿಯ ವಿಷಯವನ್ನು, ಹೇಳುವುದಕ್ಕಾಗಿ ಈ ಬರಹ.

ಕೊಳ್ಳಲು ಕಾರಣವಾದದ್ದು 2022ರ ಸೆಪ್ಟೆಂಬರಿನ ಮಳೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ನೆರೆ ನುಗ್ಗಿ, ನಗರದ ಬಹುಭಾಗಕ್ಕೆ ಕಾವೇರಿ ನೀರಿನ ಪೂರೈಕೆ ಕಡಿದುಹೋಯಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಮೂರು ಹಂತಗಳಲ್ಲಿ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿಸಿ ತರುವ ನೀರು ನಮ್ಮದು. ಎಲ್ಲೋ ಮಂಡ್ಯ ಜಿಲ್ಲೆಯಲ್ಲಿ ಯಂತ್ರ ಮುಳುಗಿದರೆ ಇಲ್ಲಿ ನಮ್ಮ ಅಡುಗೆಮನೆ ಒಣಗುತ್ತದೆ. ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಅದೇ ವಾರ ಹೊಸ್ತಿಲ ಹೊರಗೂ ಒಳಗೂ ನೀರಿತ್ತು, ಸಂಪುಗಳಿಗೆ ಚರಂಡಿಯ ನೀರು ಬೆರೆತಿತ್ತು, ಕುಡಿಯಲು ಮಾತ್ರ ಹನಿಯಿರಲಿಲ್ಲ. ನೀರಿನ ಬರವೆಂದರೆ ಬೇಸಿಗೆಯದೇ ಎಂದು ನಂಬಿದ್ದ ಮನೆಗಳಿಗೆಲ್ಲ ಅದು ಹೊಸ ಅನುಭವವಾಗಿತ್ತು.

ಲೆಕ್ಕ ಸರಳ. ಕುಡಿಯಲು, ಅಡುಗೆಗೆ ಮತ್ತು ಬಾಯಿ ಮುಕ್ಕಳಿಸುವಷ್ಟು ಶುಚಿಗೆ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್, ಕನಿಷ್ಠ ಮೂರು ದಿನಗಳಿಗೆ ಸಾಲುವಷ್ಟು ಇರಬೇಕೆಂಬುದು ಆಪತ್ಕಾಲದ ಸಿದ್ಧತೆಯ ಸಾಮಾನ್ಯ ಸೂತ್ರ. ಎರಡು ವಾರಗಳಿಗೆ ಇದ್ದರೆ ಇನ್ನೂ ಒಳ್ಳೆಯದೆನ್ನುತ್ತಾರೆ, ಆದರೆ ಬಾಡಿಗೆ ಮನೆಯಲ್ಲಿ ಅಷ್ಟು ನೀರನ್ನು ಇಡುವ ಜಾಗ ಯಾರಲ್ಲಿದೆ? ಅತ್ತೆ, ಪತಿ, ಮಗಳು ಮತ್ತು ನಾನು ಸೇರಿ ನಾಲ್ವರಿಗೆ 48 ಲೀಟರ್ ಸಾಕು. ಮೂರು ಕ್ಯಾನುಗಳಲ್ಲಿ 60 ಲೀಟರ್ ಹಿಡಿಯುವುದರಿಂದ, ಮನೆಗೆ ಬಂದ ನೆಂಟರಿಗೂ ಕೊಡುವಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆವು.

ಮೊದಲು ಡಬ್ಬದ ಗುಣವನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಮೆಚ್ಚುವಂಥದ್ದು. ಇಷ್ಟು ಕಾಲವಾದರೂ ಪ್ಲಾಸ್ಟಿಕ್ಕಿನ ವಾಸನೆ ನೀರಿಗೆ ಇಳಿದಿಲ್ಲ. ಗಾಢ ನೀಲಿಯಾದುದರಿಂದ ಬೆಳಕು ಒಳಹೋಗುವುದಿಲ್ಲ, ಹಾಗಾಗಿ ಪಾಚಿ ಕಟ್ಟಿಲ್ಲ. ಒಂದರ ಮೇಲೊಂದು ಇಟ್ಟರೆ ಅಲುಗಾಡದೆ ಕೂರುತ್ತವೆ. ಬಾಯಿ ಸಣ್ಣದು, ಕೈ ಒಳಗೆ ಹೋಗುವುದಿಲ್ಲ. ಹಂಡೆಯಲ್ಲಿಯೋ ಗುಡಾಣದಲ್ಲಿಯೋ ನೀರನ್ನು ತುಂಬಿಟ್ಟರೆ ಅದರೊಳಗೆ ದಿನಕ್ಕೆ ಹತ್ತಾರು ಸಲ ಚೊಂಬು ಮುಳುಗುತ್ತದೆ, ಚೊಂಬಿನ ಜೊತೆಗೆ ಬೆರಳೂ ಮುಳುಗುತ್ತದೆ. ಶುದ್ಧವಾಗಿಯೇ ತಂದ ನೀರು ಮನೆಯೊಳಗೆ ಕೆಡುವುದು ಬಹುಮಟ್ಟಿಗೆ ಹೀಗೆ. ಕೈ ಹೋಗದ ಬಾಯಿ ಈ ದೃಷ್ಟಿಯಿಂದ ದೊಡ್ಡ ರಕ್ಷಣೆ.

ನೀರು ಬದಲಿಸುವ ಕೆಲಸವನ್ನು ನಾವು ಅಮಾವಾಸ್ಯೆಗೆ ಕಟ್ಟಿಹಾಕಿದ್ದೇವೆ. ಮುಚ್ಚಿಟ್ಟ ಒಳ್ಳೆಯ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕೆನ್ನುವವರಿದ್ದಾರೆ, ಆದರೆ ಆರು ತಿಂಗಳಿಗೊಮ್ಮೆ ಮಾಡುವ ಕೆಲಸ ಮರೆತುಹೋಗುತ್ತದೆ, ಅಮಾವಾಸ್ಯೆಯನ್ನು ಅತ್ತೆ ಮರೆಯುವುದಿಲ್ಲ. ಅದರ ಆಸುಪಾಸಿನಲ್ಲಿ ಕಾವೇರಿ ನೀರು ಬಿಡುವ ಬೆಳಗ್ಗೆ ಕ್ಯಾನುಗಳ ಹಳೆಯ ನೀರು ಪಾತ್ರೆ ತೊಳೆಯಲು, ನೆಲ ಒರೆಸಲು, ತುಳಸಿಯ ಕುಂಡಕ್ಕೆ ಹೋಗುತ್ತದೆ. ಒಳಗನ್ನು ಉಜ್ಜಲು ಕೈ ಹೋಗದ ಕಾರಣ, ಒಂದು ಹಿಡಿ ಅಕ್ಕಿಯನ್ನೂ ಎರಡು ಲೋಟ ನೀರನ್ನೂ ಹಾಕಿ, ಮುಚ್ಚಳ ಬಿಗಿದು, ಮಗಳು ಮತ್ತು ನಾನು ಎರಡೂ ಬದಿ ಹಿಡಿದು ಕುಲುಕುತ್ತೇವೆ. ಅಕ್ಕಿಯ ಕಾಳು ಗೋಡೆಗಳಿಗೆ ಉಜ್ಜಿ ತೆಳುವಾದ ಲೋಳೆಯನ್ನೂ ಬಿಡಿಸುತ್ತದೆ. ಆಮೇಲೆ ಲೀಟರಿಗೆ ಒಂದು ಟೀ ಚಮಚದಂತೆ ಸುವಾಸನೆ ಬೆರೆಸದ ದ್ರವ ಬ್ಲೀಚ್ ಕಲಸಿದ ನೀರನ್ನು ಒಳಗೆಲ್ಲ ತಾಗುವಂತೆ ಆಡಿಸಿ, ಅರ್ಧ ನಿಮಿಷ ಬಿಟ್ಟು, ಚೆಲ್ಲಿ, ಒಳ್ಳೆಯ ನೀರಿನಲ್ಲಿ ತೊಳೆಯುತ್ತೇವೆ. ನಲ್ಲಿಯಲ್ಲಿ ಮೊದಲು ಬರುವ ಒಂದೆರಡು ಬಕೆಟ್ ನೀರನ್ನು ಕ್ಯಾನಿಗೆ ಬಿಡುವುದಿಲ್ಲ. ದಿನ ಬಿಟ್ಟು ದಿನ ಬರುವ ಪೂರೈಕೆಯಲ್ಲಿ ಪೈಪು ಖಾಲಿಯಿದ್ದಾಗ ಒಳಸೇರಿದ ಕೊಳೆಯೆಲ್ಲ ಮೊದಲ ನೀರಿನೊಂದಿಗೇ ಬರುತ್ತದೆ. ಆಲಿಕೆಯ ಮೇಲೆ ನಾಲ್ಕು ಮಡಿಕೆಯ ಹಳೆಯ ಪಂಚೆಯ ತುಂಡನ್ನು ಹಾಸಿ, ಕಂಠಮಟ್ಟ ತುಂಬಿ, ಮುಚ್ಚಳ ತಿರುಗಿಸಿ, ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆಯನ್ನು ಹರಿದು ರಬ್ಬರ್ ಬ್ಯಾಂಡಿನಿಂದ ಕ್ಯಾನಿನ ಹಿಡಿಗೆ ಸಿಕ್ಕಿಸುತ್ತೇವೆ. ದಿನಾಂಕವಷ್ಟೇ ಅಲ್ಲ, ತಿಥಿ ನಕ್ಷತ್ರವೂ ನಮೂದಾಗಿರುವ ನೀರು ನಮ್ಮದು.

ಇಲ್ಲಿ ಒಂದು ಮುಖ್ಯವಾದ ಮಾತಿದೆ. ಆರ್‌ಒ ಯಂತ್ರದ ನೀರನ್ನೇ ತುಂಬಿಟ್ಟರೆ ಇನ್ನೂ ಶುದ್ಧವಲ್ಲವೇ ಎಂದು ಪಕ್ಕದ ಮನೆಯವರು ಕೇಳಿದ್ದರು. ಕೂಡಲೇ ಕುಡಿಯಲು ಅದು ಸರಿ, ಕೂಡಿಡಲು ಸರಿಯಲ್ಲ. ಜಲಮಂಡಳಿಯ ನೀರಿನಲ್ಲಿ ಉಳಿದಿರುವ ಅಲ್ಪ ಪ್ರಮಾಣದ ಕ್ಲೋರಿನ್ ಅದನ್ನು ಕಾಯುತ್ತಿರುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಆರ್‌ಒ ಯಂತ್ರದ ಇದ್ದಿಲಿನ ಸೋಸುಕ ಆ ಕ್ಲೋರಿನ್ನನ್ನು ತೆಗೆದುಬಿಡುತ್ತದೆ, ನೀರು ಕಾವಲಿಲ್ಲದ ಮನೆಯಂತಾಗುತ್ತದೆ, ಒಂದು ಸೂಕ್ಷ್ಮಜೀವಿ ಹೊಕ್ಕರೂ ಅದರ ಸಂತಾನ ಬೆಳೆಯಲು ಅಡ್ಡಿಯಿರುವುದಿಲ್ಲ. ಆದ್ದರಿಂದ ಕ್ಯಾನಿಗೆ ನೇರ ಕಾವೇರಿ ನೀರು, ಬೇಕಾದಾಗ ಕುದಿಸಿಯೋ ಯಂತ್ರಕ್ಕೆ ಸುರಿದೋ ಕುಡಿಯುವುದು ನಮ್ಮ ಪದ್ಧತಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ತುಂಬಬೇಕಾಗಿ ಬಂದರೆ, ಇಪ್ಪತ್ತು ಲೀಟರಿಗೆ ಒಂದೆಂದು ಪೊಟ್ಟಣದ ಮೇಲೆ ನಮೂದಿಸಿರುವ ಕ್ಲೋರಿನ್ ಮಾತ್ರೆಯನ್ನು ಹಾಕಿ ಅರ್ಧ ಗಂಟೆ ಬಿಡುತ್ತೇವೆ. ಆಸ್ಪತ್ರೆಯ ವಾಸನೆ ಬರುತ್ತದೆಂದು ಅತ್ತೆ ಮುಖ ಸಿಂಡರಿಸುತ್ತಾರೆ. ಎರಡು ಪಾತ್ರೆಗಳ ನಡುವೆ ನಾಲ್ಕಾರು ಸಲ ಮೇಲಿನಿಂದ ಸುರಿದರೆ ವಾಸನೆ ಬಹುಪಾಲು ಹೋಗುತ್ತದೆ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ ಏರ್ಪಾಟನ್ನು ಆ ನಲ್ಲಿ ಹಾಳುಮಾಡಿತು.

2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂಬ ಆದೇಶ ಬಂದಿತ್ತು, ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಪಡಿಸಿತ್ತು, ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಕೊಡಗಳ ಸಾಲು ರಸ್ತೆಗೆ ಇಳಿದಿತ್ತು. ನಮ್ಮ ಬೀದಿಗೆ ನೀರು ಬರಬೇಕಾದ ದಿನ ಬಾರದೆ ಹೋದಾಗ ಸಮಾಧಾನದಿಂದಲೇ ಉಗ್ರಾಣದ ಬಾಗಿಲು ತೆರೆದೆ. ಕೆಳಗಿನ ಕ್ಯಾನು ಅರ್ಧಕ್ಕಿಂತ ಕೆಳಗಿಳಿದಿತ್ತು. ನೆಲದ ಮೇಲೆ ಕೊಚ್ಚೆಯೇನೂ ಇರಲಿಲ್ಲ, ಏಕೆಂದರೆ ಅದು ಧಾರೆಯಾಗಿ ಸೋರಿರಲಿಲ್ಲ. ಹನಿಹನಿಯಾಗಿ ಜಿನುಗಿ, ಹಿಂದಿನ ಗೋಡೆಯ ಬುಡಕ್ಕೆ ಹರಿದು, ರಾಗಿ ಹಿಟ್ಟಿನ ತಗಡಿನ ಡಬ್ಬಿಯ ತಳವನ್ನು ತುಕ್ಕು ಹಿಡಿಸಿ, ಬೇಸಿಗೆಯ ಬಿಸಿಗೆ ಆವಿಯಾಗಿತ್ತು. ದಿನಬಳಕೆಯ ಕ್ಯಾನು ಸೋರಿದರೆ ಅದೇ ದಿನ ಕಣ್ಣಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ನೋಡುವ ದಾಸ್ತಾನು ಸೋರಿದರೆ ತಿಳಿಯುವುದು ನೀರು ಬೇಕಾದ ದಿನವೇ. ಆದ್ದರಿಂದ ಬೇರೆ ಯಾವ ಪಾತ್ರೆಯಲ್ಲಿಯಾದರೂ ಕ್ಷಮಿಸಬಹುದಾದ ಈ ದೋಷ ಇಂಥ ಕ್ಯಾನಿನಲ್ಲಿ ಕ್ಷಮಾರ್ಹವಲ್ಲ.

ಬಿಗಿ ಮಾಡೋಣವೆಂದು ಕುಳಿತಾಗ ನಿಜವಾದ ತೊಡಕು ಗೊತ್ತಾಯಿತು. ನಲ್ಲಿಯನ್ನು ಗೋಡೆಗೆ ಹಿಡಿದಿಟ್ಟಿರುವ ನಟ್ಟು ಕ್ಯಾನಿನ ಒಳಗಿದೆ. ಹೊರಗಿನಿಂದ ನಲ್ಲಿಯನ್ನು ತಿರುಗಿಸಿದರೆ ಒಳಗಿನ ನಟ್ಟೂ ಜೊತೆಯಲ್ಲಿಯೇ ತಿರುಗುತ್ತದೆ. ಅದನ್ನು ಹಿಡಿಯಲು ಕೈ ಒಳಗೆ ಹೋಗಬೇಕು, ಕೈ ಹೋಗದಂತೆಯೇ ಬಾಯಿಯನ್ನು ಮಾಡಿದ್ದಾರೆ. ಬಾಯಿಯನ್ನು ವಿನ್ಯಾಸ ಮಾಡಿದವರಿಗೂ ನಲ್ಲಿಯನ್ನು ಕೂರಿಸಿದವರಿಗೂ ಮಾತುಕತೆಯೇ ನಡೆದಿಲ್ಲವೆಂದು ತೋರುತ್ತದೆ. ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಬದಲಿಸುವ ದಾರಿಯಿಲ್ಲ. ಕೊಂಡ ಅಂಗಡಿಗೆ ಕ್ಯಾನನ್ನು ಹೊತ್ತುಕೊಂಡು ಹೋದರೆ, ಅಂಗಡಿಯವರು ನಗುತ್ತಲೇ, "ನಲ್ಲಿ ಅಂದ್ಮೇಲೆ ಸ್ವಲ್ಪ ಸೋರತ್ತೆ ಅಕ್ಕಾ, ಕೆಳಗೊಂದು ಲೋಟ ಇಡಿ" ಎಂದರು. ನಲ್ಲಿಗೆ ಖಾತರಿ ಇಲ್ಲವಂತೆ.

ಸೋರಿಕೆಗಿಂತ ಹೆಚ್ಚು ಕಾಡಿದ್ದು ಕೊಳೆ. ಗುಂಡಿ ಒತ್ತಿದರೆ ತೆರೆಯುವ ಈ ನಲ್ಲಿಯ ಮೂತಿಯೊಳಗೆ ಬೆರಳ ತುದಿ ಹಾಕಿ ತೆಗೆದರೆ, ನಸುಗೆಂಪು ಬಣ್ಣದ ಜಾರುವ ಲೋಳೆ ಅಂಟಿಕೊಂಡು ಬಂತು. ಒಳಗೊಂದು ಸ್ಪ್ರಿಂಗು, ಅದರ ತುದಿಗೊಂದು ರಬ್ಬರ್ ಬಿಲ್ಲೆ, ಎರಡೂ ಸದಾ ತೇವ, ಎರಡನ್ನೂ ಬಿಚ್ಚಿ ತೊಳೆಯುವಂತಿಲ್ಲ. ಕ್ಯಾನಿನೊಳಗನ್ನು ಎಷ್ಟೇ ಅಕ್ಕಿ ಹಾಕಿ ಕುಲುಕಿದರೂ ಕುಡಿಯುವ ನೀರು ಕೊನೆಗೆ ಈ ಮೂತಿಯನ್ನು ದಾಟಿಯೇ ಲೋಟಕ್ಕೆ ಬರಬೇಕು. ಸಾಲದೆಂಬಂತೆ ನಲ್ಲಿ ತಳದಿಂದ ಎರಡು ಬೆರಳು ಮೇಲಿದೆ. ಅದರ ಕೆಳಗೆ ನಿಲ್ಲುವ ಒಂದೂವರೆ ಲೀಟರಿನಷ್ಟು ನೀರು ಕ್ಯಾನನ್ನು ಎತ್ತಿ ಬಗ್ಗಿಸದ ಹೊರತು ಬರುವುದಿಲ್ಲ. ಮೂರು ಕ್ಯಾನುಗಳದ್ದನ್ನು ಕೂಡಿದರೆ ಅದು ಒಬ್ಬರ ಒಂದು ದಿನದ ಪಾಲಿಗಿಂತ ಹೆಚ್ಚು.

ಉಳಿದ ನೀರಿನಿಂದ ಆ ಸಲ ನಾವು ಹೇಗೋ ನಿಭಾಯಿಸಿದೆವು. ಬೇರೆ ಎಲ್ಲಿಂದ ನೀರು ಹುಟ್ಟಿಸಬಹುದೆಂಬ ಹುಡುಕಾಟವೂ ನಡೆಯಿತು. ಮನೆಯೊಳಗೇ ಮರೆತ ದಾಸ್ತಾನುಗಳಿವೆ: ಆರ್‌ಒ ಯಂತ್ರದ ತೊಟ್ಟಿಯಲ್ಲಿ ಏಳೆಂಟು ಲೀಟರ್ ಇರುತ್ತದೆ, ಗೀಸರಿನಲ್ಲಿ ಅದರ ಎರಡರಷ್ಟು ನಿಂತಿರುತ್ತದೆ. ಗೀಸರಿನ ವಿದ್ಯುತ್ ತೆಗೆದು, ತಣಿಯಲು ಬಿಟ್ಟು, ಇಳಿಸಿಕೊಂಡು ಕುದಿಸಿದರೆ ಅಡುಗೆಗೆ ಅಡ್ಡಿಯಿಲ್ಲ. ನೀರು ಚೆನ್ನಾಗಿ ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ನಮ್ಮ ಊರಿನ ಎತ್ತರಕ್ಕೆ ಸಾಕು, ಹತ್ತು ಹದಿನೈದು ನಿಮಿಷ ಗ್ಯಾಸು ಸುಡಬೇಕಾಗಿಲ್ಲ. ಕ್ಲೋರಿನ್ನಿಗೆ ಜಗ್ಗದ ಕೆಲವು ಪರಾವಲಂಬಿ ಜೀವಿಗಳೂ ಕುದಿತಕ್ಕೆ ಸಾಯುತ್ತವೆ. ಆದರೆ ಬೋರ್‌ವೆಲ್ ನೀರಿನ ಫ್ಲೋರೈಡ್, ನೈಟ್ರೇಟ್‌ಗಳು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ನೆರೆಯ ನೀರು ಸೇರಿದ ಸಂಪಿನ ವಿಷಯದಲ್ಲಂತೂ ಪ್ರಯೋಗ ಬೇಡವೇ ಬೇಡ. ಚರಂಡಿಯ ಜೊತೆಗೆ ವಾಹನಗಳ ಎಣ್ಣೆಯೂ ಬೆರೆತಿದ್ದರೆ ಮಾತ್ರೆಗಾಗಲೀ ಒಲೆಗಾಗಲೀ ಅದನ್ನು ತೆಗೆಯುವ ಶಕ್ತಿಯಿಲ್ಲ. ಮುಂದಿನ ತಿಂಗಳು ನಗರದಲ್ಲಿ ಕಾಲರಾ ಪತ್ತೆಯಾದ ಸುದ್ದಿ ಬಂದಾಗ, ಕುದಿಸದ ಹನಿಯನ್ನೂ ಅತ್ತೆ ಯಾರಿಗೂ ಮುಟ್ಟಗೊಡಲಿಲ್ಲ.

ಕಾವೇರಿ ನೀರು ಪೂರೈಕೆ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ನಗರಕ್ಕೆ ದೊರೆತ ಮೇಲೆ, ಉಗ್ರಾಣದ ಜಾಗ ಬಿಡಿಸಬಹುದಲ್ಲ ಎಂದು ಪತಿ ಸೂಚಿಸಿದರು. ನದಿ ಅದೇ, ತೊರೆಕಾಡನಹಳ್ಳಿಯೂ ಅದೇ, ದೂರವೂ ಅಷ್ಟೇ. ಕ್ಯಾನುಗಳನ್ನು ನಾನು ತೆಗೆಯಲಿಲ್ಲ, ನಲ್ಲಿಗಳನ್ನು ತೆಗೆದೆ.

ಪರಿಹಾರ ಸಿಕ್ಕಿದ್ದು ಅದೇ ಗಾತ್ರದ ಇನ್ನೊಂದು ಮಾದರಿಯಲ್ಲಿ. ಅದರ ಗೋಡೆಯಲ್ಲಿ ತೂತೇ ಇಲ್ಲ. ನಲ್ಲಿ ಇರುವುದು ಬಿಡಿಯಾಗಿ ಕೊಡುವ ಎರಡನೆಯ ಮುಚ್ಚಳದಲ್ಲಿ. ಇಡುವಾಗ ಗಟ್ಟಿ ಮುಚ್ಚಳ ಹಾಕಿ ನಿಲ್ಲಿಸಿರಬೇಕು. ನೀರು ಬೇಕಾದ ದಿನ ಮುಚ್ಚಳ ಬದಲಿಸಿ, ಕ್ಯಾನನ್ನು ಕಟ್ಟೆಯ ಅಂಚಿಗೆ ಅಡ್ಡ ಮಲಗಿಸಿ, ಹಿಂಬದಿಯ ಸಣ್ಣ ಗಾಳಿಬಿರಡೆಯನ್ನು ಸಡಿಲಿಸಿದರೆ ನೀರು ಗುಳುಗುಳು ಎನ್ನದೆ ಸಣ್ಣ ಧಾರೆಯಾಗಿ ಬೀಳುತ್ತದೆ. ಮಲಗಿಸಿದಾಗ ನಲ್ಲಿ ತಳಕ್ಕೆ ಹತ್ತಿರವಾಗುವುದರಿಂದ ಕೊನೆಗೆ ಉಳಿಯುವುದು ಒಂದು ಲೋಟವಷ್ಟೇ. ಬಳಕೆಯಿಲ್ಲದಾಗ ನಲ್ಲಿಯ ಮುಚ್ಚಳ ಒಣಗಿದ ಬಟ್ಟೆಯಲ್ಲಿ ಸುತ್ತಿಕೊಂಡು ಡ್ರಾಯರಿನಲ್ಲಿರುತ್ತದೆ, ಬಿಚ್ಚಿ ಕುದಿನೀರಿನಲ್ಲಿ ಅದ್ದಲೂ ಬರುತ್ತದೆ. ಹಳೆಯ ಮೂರರ ಪೈಕಿ ಎರಡರ ತೂತಿಗೆ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಬಿರಡೆಯನ್ನು ಹೊರಗಿನಿಂದ ಬಿಗಿದು, ಪಾತ್ರೆ ತೊಳೆಯುವ ಮತ್ತು ಶೌಚದ ನೀರಿಗೆ ಇಟ್ಟುಕೊಂಡಿದ್ದೇವೆ. ಮೂರನೆಯದು ಮಹಡಿಯ ಗಿಡಗಳ ಪಾಲಾಗಿದೆ, ಅಲ್ಲಿ ಅದು ಎಷ್ಟು ಬೇಕಾದರೂ ಸೋರಲಿ.

ಕೊಳ್ಳುವವರು ಬಾಯಿಯ ಅಳತೆಯನ್ನೂ ನಲ್ಲಿಯ ಜಾಗವನ್ನೂ ಒಟ್ಟಿಗೆ ನೋಡಬೇಕು. ಗೋಡೆಯಲ್ಲಿ ನಲ್ಲಿಯಿದ್ದು ಬಾಯಿಗೆ ಕೈ ಹೋಗದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ವಯಸ್ಸಾದವರಷ್ಟೇ ಇರುವ ಮನೆಗೆ ಇಪ್ಪತ್ತು ಲೀಟರಿನ ಗಾತ್ರವೂ ಬೇಡ, ತುಂಬಿದ ಮೇಲೆ ಅದು ಇಪ್ಪತ್ತು ಕಿಲೋ. ಹತ್ತು ಲೀಟರಿನ ಆರು ಕ್ಯಾನುಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದೀತು, ಆದರೆ ಅತ್ತೆಯೂ ಎತ್ತಬಲ್ಲರು. ನನ್ನ ಮುಂದಿನ ಖರೀದಿ ಅದೇ.