ಸ್ಯಾಂಟಿಯಾಗೋಗೆ ನಡೆಯಲು ಯಾವ ದಾರಿ?

ಯೇಸುವಿನ ಶಿಷ್ಯ ಸಂತ ಯಾಕೋಬರ ಸಮಾಧಿ ಇದೆ ಎಂದು ನಂಬುವ ಸ್ಪೇನಿನ ಸ್ಯಾಂಟಿಯಾಗೋ ದೆ ಕಾಂಪೊಸ್ಟೆಲಾಗೆ ಕಾಲ್ನಡಿಗೆ ಯಾತ್ರೆಯ ಹಲವು ದಾರಿಗಳಿವೆ. ಅವುಗಳಲ್ಲಿ ಫ್ರೆಂಚ್ ದಾರಿ, ಪೋರ್ಚುಗೀಸ್ ದಾರಿ ಎರಡರಲ್ಲಿ ಯಾವುದನ್ನು ಆರಿಸಬೇಕು ಅನ್ನುವುದು ಪ್ರಶ್ನೆ.

ಮೊದಲು ರಜೆ ನೋಡಿ. ಫ್ರೆಂಚ್ ದಾರಿ ಸುಮಾರು 780 ಕಿ.ಮೀ. ಐದು ವಾರ ಬೇಕೇ ಬೇಕು ಎಂದುಕೊಳ್ಳಿ. ಪೋರ್ಚುಗಲ್ಲಿನ ಪೋರ್ಟೊ ನಗರದಿಂದ ಹೊರಡುವ ಪೋರ್ಚುಗೀಸ್ ದಾರಿ ಸುಮಾರು 240 ಕಿ.ಮೀ., ಎರಡು ವಾರದಲ್ಲಿ ಮುಗಿಯುತ್ತದೆ. ಒಂದೇ ವಾರ ಇದ್ದರೆ ಫ್ರೆಂಚ್ ದಾರಿಯ ಕೊನೆಯ ಭಾಗವನ್ನು ಸಾರಿಯಾ ಎಂಬ ಊರಿನಿಂದ ನಡೆಯಬಹುದು. ಯಾತ್ರೆ ಮುಗಿಸಿದ ಪ್ರಮಾಣಪತ್ರಕ್ಕೆ 100 ಕಿ.ಮೀ. ನಡೆದರೆ ಸಾಕು. ಆದರೆ ಅಲ್ಲಿ ಜನ ತುಂಬಾ ಜಾಸ್ತಿ.

ನೋಟದಲ್ಲಿ ಫ್ರೆಂಚ್ ದಾರಿಯ ವೈವಿಧ್ಯ ದೊಡ್ಡದು. ಮೊದಲ ದಿನವೇ ಫ್ರಾನ್ಸ್-ಸ್ಪೇನ್ ಗಡಿಯ ಪಿರಿನೀಸ್ ಬೆಟ್ಟ ಏರಬೇಕು. ಆಮೇಲೆ ರಿಯೋಹಾದ ದ್ರಾಕ್ಷಿ ತೋಟಗಳು. ಬುರ್ಗೋಸ್ ನಗರ ದಾಟಿದರೆ ಮೆಸೆಟಾ ಎಂಬ ಎತ್ತರದ ಬಯಲು: ದಿನಗಟ್ಟಲೆ ಗೋಧಿ ಹೊಲ, ನೆರಳೇ ಇಲ್ಲ. ಬೇಸರ ಅಂತ ಕೆಲವರು ಅದನ್ನು ಬಸ್ಸಿನಲ್ಲಿ ದಾಟುತ್ತಾರೆ. ನನಗೆ ಯಾತ್ರೆಯ ಜೀವ ಇರುವುದೇ ಅಲ್ಲಿ. ಮನಸ್ಸು ನಿಧಾನವಾಗುವುದಕ್ಕೆ ಅಂಥ ಬಯಲು ಬೇಕು. ಪೋರ್ಚುಗೀಸ್ ದಾರಿಯಲ್ಲಿ ಕರಾವಳಿಯ ಕವಲು ಹಿಡಿದರೆ ಅಟ್ಲಾಂಟಿಕ್ ಸಮುದ್ರ ಪಕ್ಕದಲ್ಲೇ ಇರುತ್ತದೆ.

ಏರು ಕಡಿಮೆ ಇರುವುದರಿಂದ ಮಂಡಿನೋವು ಇರುವವರಿಗೆ ಪೋರ್ಚುಗೀಸ್ ದಾರಿಯೇ ಹಿತ. ಕಲ್ಲು ಹಾಸಿದ ರಸ್ತೆಗಳು ಮಾತ್ರ ಪಾದಕ್ಕೆ ಕಷ್ಟ, ದಪ್ಪ ಅಡಿಯ ಶೂ ಇರಲಿ. ಖರ್ಚು ಎರಡರಲ್ಲೂ ದಿನಗಳ ಲೆಕ್ಕ. ಆಲ್ಬೆರ್ಗೆ ಎಂಬ ಯಾತ್ರಿಕರ ವಸತಿಗಳಲ್ಲಿ ಹಾಸಿಗೆ ಅಗ್ಗ.

ಒಬ್ಬರೇ ಹೊರಟಿದ್ದು ಜೊತೆ ಬೇಕೆನಿಸಿದರೆ ಫ್ರೆಂಚ್ ದಾರಿ. ಚಳಿಗಾಲದ ರಜೆಯಾದರೆ ಪೋರ್ಟೊದಿಂದ ಹೊರಡುವ ದಾರಿ ನೋಡಿ: ಫ್ರೆಂಚ್ ದಾರಿಯಲ್ಲಿ ಪಿರಿನೀಸಿನ ಎತ್ತರದ ಹಾದಿಯನ್ನು ನವೆಂಬರಿನಿಂದ ಮಾರ್ಚ್‌ವರೆಗೆ ಮುಚ್ಚುತ್ತಾರೆ.