ಸಪ್ತಾಪುರದ ಓಣಿಯೊಂದರ ಖಾನಾವಳಿ

ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳು ಒತ್ತೊತ್ತಾಗಿ ನಿಂತ ರಸ್ತೆಯಿಂದ ಒಳಗೆ ಹೊರಳಿದರೆ ಸಿಗುವ ಓಣಿಯಲ್ಲಿ ಒಂದು ಹಳೆಯ ಖಾನಾವಳಿ ಇದೆ. ಅದರ ಫಲಕದ ಬಣ್ಣ ಹಾರಿ ಎಷ್ಟೋ ವರ್ಷಗಳಾಗಿವೆ. ಓಣಿಯವರು ಹೆಸರು ಹಿಡಿಯದೆ ಬರೀ ‘ಖಾನಾವಳಿ’ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಗ ಎರಡು ವರ್ಷ ಇಲ್ಲಿ ತಿಂಗಳ ಲೆಕ್ಕದಲ್ಲಿ ಉಂಡೆ. ಈಗಲೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೆಲಸವಿದ್ದು ಬಂದ ದಿನ ಮಧ್ಯಾಹ್ನದ ಊಟ ಇಲ್ಲಿಯೇ ಆಗಬೇಕು. ನಮ್ಮ ಭಾಗದಲ್ಲಿ ಸಾವಜಿ ಎಂದು ಬರೆದಿದ್ದರೆ ಖಾರದ ಮಾಂಸದೂಟ, ಲಿಂಗಾಯತ ಖಾನಾವಳಿ ಎಂದಿದ್ದರೆ ಸಸ್ಯಾಹಾರ ಎಂಬುದು ಎಲ್ಲರಿಗೂ ತಿಳಿದಿರುವುದೇ. ಇದು ಎರಡನೆಯ ಬಗೆಯದು.

ಖಾನಾವಳಿಯನ್ನು ಅಳೆಯಬೇಕಾದದ್ದು ರೊಟ್ಟಿಯಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲವಾದ್ದರಿಂದ ಅದರ ಹಿಟ್ಟು ತಣ್ಣೀರಿಗೆ ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುತ್ತಿರುವಾಗಲೇ ನಾದಿದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ಬಡಿಯುವಾಗ ಅಂಚು ಹರಿಯುತ್ತದೆ. ಇಲ್ಲಿ ಎರಡು ದಿನಕ್ಕೊಮ್ಮೆ ಹಿಟ್ಟು ಬೀಸಿಸುತ್ತಾರೆ. ಮಾಲದಂಡಿ ಬಿಳಿಜೋಳವನ್ನು ಬಿಟ್ಟು ಬೇರೆಯದನ್ನು ತರುವುದಿಲ್ಲ ಎಂದು ಯಜಮಾನತಿ ಹೇಳಿದರು. ಹಿಂಗಾರಿಯಲ್ಲಿ ಎರೆಮಣ್ಣಿನ ಹಸಿಯನ್ನೇ ನೆಚ್ಚಿ ಬೆಳೆಯುವ ಆ ಜೋಳದ ರೊಟ್ಟಿಗೆ ಒಂದು ಸಣ್ಣ ಸಿಹಿ ಇರುತ್ತದೆ. ಊಟದ ಮನೆಗೂ ಅಡುಗೆಮನೆಗೂ ನಡುವೆ ಎದೆಮಟ್ಟದ ಗೋಡೆಯಷ್ಟೇ ಇರುವುದರಿಂದ ಮೂವರು ಹೆಣ್ಣುಮಕ್ಕಳು ಸಾಲಾಗಿ ಕುಳಿತು ರೊಟ್ಟಿ ಬಡಿಯುವುದು ಕಾಣುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುತ್ತಿದ್ದಂತೆ ಹೊರಳಿಸಿ, ಉಬ್ಬಿದಲ್ಲಿ ಅರಿವೆಯಿಂದ ಒತ್ತಿ, ನೇರವಾಗಿ ತಾಟಿಗೆ ಕಳಿಸುತ್ತಾರೆ. ಮುರಿದರೆ ಎರಡು ಪದರಗಳ ನಡುವಿನಿಂದ ಹಬೆ ಏಳುತ್ತದೆ. ನಾನು ಕಳೆದ ವಾರ ಹೋದಾಗಲೂ ಹಾಗೆಯೇ ಎದ್ದಿತು.

ಬದನೆಕಾಯಿ ಎಣ್ಣೆಗಾಯಿ ಇವರ ಎರಡನೆಯ ಹೆಮ್ಮೆ. ಎಳೆಯ ಮುಳ್ಳುಬದನೆಯನ್ನು ತೊಟ್ಟು ಉಳಿಸಿ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಗೆ ಹುಣಸೆ, ಬೆಲ್ಲ ಸೇರಿಸಿದ ಮಸಾಲೆ ತುಂಬುತ್ತಾರೆ. ಅದರ ಗಾಢ ಕೆಂಪು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯದು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ, 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆ ಮೆಣಸಿನಕಾಯಿಯಿಂದಾಗಿ ತಾಟು ಕೆಂಪಾಗಿ ಕಂಡರೂ ನಾಲಿಗೆ ಉರಿಯುವುದಿಲ್ಲ. ಹೊರಗಿನವರು ಬಣ್ಣ ನೋಡಿಯೇ ಹೆದರಿ ಎಣ್ಣೆಗಾಯಿಯನ್ನು ಬದಿಗೆ ಸರಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇದರ ಜೊತೆಗೆ ಒಂದು ಕಾಳುಪಲ್ಯ, ಒಂದು ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು ಬರುತ್ತವೆ. ಸೊಪ್ಪಿನ ಪಲ್ಯ ಹಂಗಾಮಿಗೆ ತಕ್ಕಂತೆ ಬದಲಾಗುತ್ತದೆ. ಪುಂಡಿಪಲ್ಯದ ದಿನ ಸಿಕ್ಕರೆ ಅದೃಷ್ಟ, ಏಕೆಂದರೆ ಜೋಳದ ನುಚ್ಚು ಹಾಕಿ ಹುಳಿಯನ್ನು ತಿದ್ದಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಸುರಿಯುವ ಇವರ ಹದ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಎಳ್ಳಮವಾಸ್ಯೆಯ ಸುಮಾರಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನೂ ಕೊಡುತ್ತಾರೆ. ಪಲ್ಯ, ಹಿಂಡಿಗಳನ್ನು ಕೇಳಿದಷ್ಟು ಬಡಿಸುತ್ತಾರೆ.

ಅನ್ನ ಮತ್ತು ಸಾರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಾರು ತೆಳ್ಳಗಿರುತ್ತದೆ, ಬೇಳೆಯ ರುಚಿ ಇರುವುದಿಲ್ಲ.

ಮನಸ್ಸಿಗೆ ನೋವಾದ ಸಂಗತಿಯೊಂದನ್ನು ಮುಚ್ಚಿಡಲಾರೆ. ಹಿಂದಿನ ಬೇಸಿಗೆಯ ಒಂದು ರಾತ್ರಿ ಹೋದಾಗ ತಾಟಿನಲ್ಲಿ ಬಂದದ್ದು ಮಧ್ಯಾಹ್ನವೇ ಬಡಿದು ಅರಿವೆಯಲ್ಲಿ ಸುತ್ತಿಟ್ಟ ರೊಟ್ಟಿ. ಅದು ಮೆತ್ತಗೂ ಇರಲಿಲ್ಲ, ಕಟಕರೊಟ್ಟಿಯಂತೆ ಗರಿಗರಿಯೂ ಇರಲಿಲ್ಲ, ಎಳೆದರೆ ಚರ್ಮದಂತೆ ಜಗ್ಗುತ್ತಿತ್ತು. ವಿಚಾರಿಸಿದಾಗ, ರೊಟ್ಟಿ ಬಡಿಯುವವರು ಸಂಜೆ ಮನೆಗೆ ಹೋಗುತ್ತಾರೆ, ರಾತ್ರಿಗೆ ಬೇರೆ ಕೈ ಸಿಗುವುದಿಲ್ಲ ಎಂದರು. ಆ ಕಾರಣ ಸುಳ್ಳಲ್ಲ. ಹಂಚಿನ ಮುಂದೆ ಐದಾರು ತಾಸು ಕೂಡುವ ಕೆಲಸಕ್ಕೆ ಹೊಸಬರು ಬರುತ್ತಿಲ್ಲ, ಬಂದವರ ದುಡಿಮೆಗೆ ತಕ್ಕ ಪಗಾರವೂ ಎಲ್ಲೆಡೆ ಸಿಗುತ್ತಿಲ್ಲ. ಆದರೂ ರಾತ್ರಿಯೂ ಅದೇ ದರ ತೆಗೆದುಕೊಳ್ಳುವುದು ನ್ಯಾಯವಲ್ಲ. ಆರಿದ ರೊಟ್ಟಿಯ ಬದಲು ಒಳ್ಳೆಯ ಕಟಕರೊಟ್ಟಿಯನ್ನೇ ಕೊಟ್ಟು ಹಾಗೆಂದು ಮೊದಲೇ ಹೇಳಿದ್ದರೆ ನಾನು ಸಂತೋಷದಿಂದ ಉಣ್ಣುತ್ತಿದ್ದೆ. ಬೇಕಾದರೆ ಊಟದ ದರಕ್ಕೆ ಹತ್ತು ರೂಪಾಯಿ ಏರಿಸಿ ಆ ಹಣವನ್ನು ರೊಟ್ಟಿ ಬಡಿಯುವವರಿಗೇ ಕೊಡಲಿ ಎಂದು ಯಜಮಾನತಿಯ ಮುಂದೆ ಹೇಳಿಯೂ ಬಂದಿದ್ದೇನೆ.

ಅವರು ದರ ಏರಿಸಲು ಹಿಂಜರಿಯುವುದು ಹುಡುಗರ ಕಾರಣಕ್ಕೆ. ಉಣ್ಣುವವರಲ್ಲಿ ಹೆಚ್ಚಿನವರು ನೌಕರಿಯ ಪರೀಕ್ಷೆಗೆಂದು ಹಳ್ಳಿಗಳಿಂದ ಬಂದು ಕೋಣೆ ಹಿಡಿದವರು. ನಮ್ಮ ಕಾಲದಲ್ಲಿ ಅವ್ವಂದಿರು ಬಸ್ಸಿನಲ್ಲಿ ರೊಟ್ಟಿಬುತ್ತಿ ಕಳಿಸುತ್ತಿದ್ದರು, ನಿಲ್ದಾಣದಲ್ಲಿ ಕಾದು ಕಂಡಕ್ಟರರ ಕೈಯಿಂದ ಇಸಿದುಕೊಳ್ಳುತ್ತಿದ್ದೆವು. ಇಂದಿಗೂ ಅಂಥ ಬುತ್ತಿ ಬರುವ ಹುಡುಗರು ಇದ್ದಾರೆ. ಅಂಥವರು ತಮ್ಮ ರೊಟ್ಟಿಯನ್ನು ಇಲ್ಲಿಗೆ ತಂದು, ಪಲ್ಯಕ್ಕೆ ಮಾತ್ರ ದುಡ್ಡು ಕೊಟ್ಟು ಕೂತು ಉಣ್ಣಬಹುದು. ಬೇರೆ ಯಾವ ಖಾನಾವಳಿಯಲ್ಲಿಯೂ ನಾನು ಇದನ್ನು ಕಂಡಿಲ್ಲ.

ಹೋಗುವುದಾದರೆ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಹೋಗಬೇಕು, ಒಂದು ಗಂಟೆಗೆ ತರಬೇತಿ ತರಗತಿಗಳು ಬಿಟ್ಟರೆ ಬಾಗಿಲಿನವರೆಗೂ ಸಾಲು ನಿಲ್ಲುತ್ತದೆ. ಗೋಡೆಯ ಪಕ್ಕದ ಮೇಜು ಖಾಲಿ ಇದ್ದರೆ ಅಲ್ಲಿಯೇ ಕುಳಿತುಕೊಳ್ಳಿ, ಹಂಚಿನಿಂದ ತಾಟಿಗೆ ಅಲ್ಲಿಂದ ನಾಲ್ಕೇ ಹೆಜ್ಜೆ.