ವಾರಂಟಿ ಇಲ್ಲದ ಜರ್ಮನ್ ಕಾರು, ಕಾಸರಗೋಡಿನ ಮಳೆ ಮತ್ತು ಒಂದು ಪ್ಲಾಸ್ಟಿಕ್ ತುಂಡು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರೆಲ್ಲ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಅಂತ. ಮಾರುತಿಗೆ ಆ ಪ್ರಶ್ನೆ ಸಾಕು. ಟರ್ಬೊ ಎಂಜಿನ್ನಿನ ದುಬಾರಿ ಜರ್ಮನ್ ಕಾರಿಗೆ ಸಾಕಾಗುವುದಿಲ್ಲ. ಅಲ್ಲಿ ಮೊದಲು ಕೇಳಬೇಕಾದದ್ದು ವಯಸ್ಸು. ಬಾನೆಟ್ ಒಳಗಿನ ಪ್ಲಾಸ್ಟಿಕ್ ಮತ್ತು ರಬ್ಬರ್ ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ಹಳತಾಗುತ್ತವೆ. ಕಾರು ಕಡಿಮೆ ಓಡಿದೆ ಅಂತ ಅವು ಹೊಸದಾಗಿ ಉಳಿಯುವುದಿಲ್ಲ.

ನನ್ನದು ಜರ್ಮನಿಯ ದೊಡ್ಡ ಮೂರು ಕಂಪನಿಗಳಲ್ಲಿ ಒಂದರ ಸೆಡಾನ್. ಮೂರು ಲೀಟರ್ ಪೆಟ್ರೋಲ್, ಸಾಲಾಗಿ ಆರು ಸಿಲಿಂಡರ್, ಎಂಟು ಗೇರಿನ ಆಟೊಮ್ಯಾಟಿಕ್. ಮಂಗಳೂರಿನ ಡಾಕ್ಟರೊಬ್ಬರ ಕೈಯಲ್ಲಿತ್ತು, ಎಂಟು ವರ್ಷ ಹಳೆಯದು, ಸರ್ವಿಸ್ ಬಿಲ್‌ಗಳೆಲ್ಲ ಫೈಲಿನಲ್ಲಿದ್ದವು. ಒಂದು ಹೊಸ ಮಧ್ಯಮ ಎಸ್‌ಯುವಿಯ ಬೆಲೆಗೆ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಗೆ ಬಂತು. ಕಂಪನಿಯ ಎಕ್ಸ್‌ಟೆಂಡೆಡ್ ವಾರಂಟಿ ಈ ವಯಸ್ಸಿಗೆ ಸಿಗಲಿಲ್ಲ. ಹೊರಗಿನವರದ್ದು ಒಂದಿತ್ತು. ಅದರ ಕಾಗದವನ್ನು ಪೂರ್ತಿ ಓದಿದೆ. ಎಂಜಿನ್ ಒಳಭಾಗ, ಗೇರ್‌ಬಾಕ್ಸ್ ಒಳಭಾಗಕ್ಕೆ ರಕ್ಷಣೆ, ಅದಕ್ಕೂ ಒಂದು ಮಿತಿ. ಹೋಸ್, ಸೀಲು, ಪ್ಲಾಸ್ಟಿಕ್, ರಬ್ಬರ್, ಸವೆದು ಹೋಗುವ ಯಾವುದಕ್ಕೂ ಇಲ್ಲ. ಈ ಕಾರಿನಲ್ಲಿ ಹಾಳಾಗುವುದೇ ಅವು! ಹಾಗಾಗಿ ಆ ದುಡ್ಡನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಟ್ಟೆ.

ಮೊದಲು ಖುಷಿಯ ವಿಷಯ ಹೇಳುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದು ನಿಮಿಷ ಜೋರಾಗಿ ಗುನುಗುತ್ತದೆ, ಆಮೇಲೆ ತಗ್ಗುತ್ತದೆ. ಈ ಕಾರಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳಿಲ್ಲ, ಆಯಿಲ್ ಬಿಸಿ ತೋರಿಸುವುದು ಮಾತ್ರ ಇದೆ. ಅದು 80 ಡಿಗ್ರಿ ದಾಟುವವರೆಗೆ ನಾನು ಆಕ್ಸಿಲರೇಟರ್ ಜಾಸ್ತಿ ಒತ್ತುವುದಿಲ್ಲ. ಮನೆಯಿಂದ ಹೊರಟು ತೋಟದ ಇಳಿಜಾರು, ಸಂಕ, ಶಾಲೆ, ಭಜನಾ ಮಂದಿರ, ಎಲ್ಲ ದಾಟುವಾಗ ಮುಳ್ಳು ನಿಧಾನಕ್ಕೆ ಏರುತ್ತಾ ಬರುತ್ತದೆ. ಅಡ್ಕಸ್ಥಳ ಕಳೆದು ಸಾರಡ್ಕದಲ್ಲಿ ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ 95 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೇನೆ. ಕೇರಳಕ್ಕಿಂತ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಇಷ್ಟು ಕುಡಿಯುವ ಕಾರಿಗೆ ಅದು ಸಣ್ಣ ಲೆಕ್ಕ ಅಲ್ಲ. ವಾಪಸು ಬರುವ ತಿರುವುಗಳಲ್ಲಿ ಸ್ಟೀರಿಂಗ್ ಹಿಡಿದ ಕೈಗೆ ರಸ್ತೆ ಗೊತ್ತಾಗುತ್ತದೆ. ನಾನು ಈ ಕಾರು ಬೇಕು ಅಂದದ್ದು ಇದಕ್ಕೆ.

ಹೆದ್ದಾರಿ 66ರ ಹೊಸ ಆರು ಪಥ ಆದ ಮೇಲೆ ಇನ್ನೊಂದು ಸುಖ ಸೇರಿಕೊಂಡಿದೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಮೊದಲು ಉಪ್ಪಳ ಪೇಟೆ ದಾಟುವುದೇ ಒಂದು ಕೆಲಸವಾಗಿತ್ತು. ಈಗ ರಾತ್ರಿ ಯಕ್ಷಗಾನ ಮುಗಿಸಿ ಬರುವಾಗ ಎಂಟನೇ ಗೇರಿನಲ್ಲಿ ಎಂಜಿನ್ ಇದೆಯೋ ಇಲ್ಲವೋ ಅನ್ನುವ ಹಾಗೆ ಓಡುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಹೋಗಿರುತ್ತಾರೆ. ಕುಂಬಳೆಯಲ್ಲಿ ತಿರುಗಿ ಬದಿಯಡ್ಕ ದಾರಿ ಹಿಡಿದದ್ದೂ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ದಿನಾ ಬೆಳಗಿನ ಕೆಲಸ. ಫ್ರಿಜ್ ಬಂದ ಪೆಟ್ಟಿಗೆಯ ರಟ್ಟನ್ನು ಬಿಡಿಸಿ ಶೆಡ್ಡಿನಲ್ಲಿ ಎಂಜಿನ್ ಕೆಳಗೆ ಹಾಸಿದ್ದೇನೆ. ಕಾರು ಹೊರಗೆ ತೆಗೆದ ಕೂಡಲೇ ಆ ರಟ್ಟನ್ನು ನೋಡುವುದು. ಬಣ್ಣವಿಲ್ಲದ ನೀರಾದರೆ ಎಸಿಯದ್ದು, ತಲೆಬಿಸಿ ಇಲ್ಲ. ಕಂದು ಬಣ್ಣವಾದರೆ ಎಂಜಿನ್ ಆಯಿಲ್. ನೀಲಿ ಛಾಯೆ, ಬೆರಳಿಗೆ ಜಿಗುಟು, ಮೂಗಿಗೆ ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಕೂಲಂಟ್ ವಿಷ, ರುಚಿ ಮಾತ್ರ ಸಿಹಿ. ಮನೆಯಲ್ಲಿ ನಾಯಿ ಇದ್ದರೆ ಬಿದ್ದದ್ದನ್ನು ಕೂಡಲೇ ತೊಳೆಯಿರಿ, ನೆಕ್ಕಿದರೆ ಸತ್ತೇ ಹೋಗಬಹುದು.

ಒಂದು ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ರಟ್ಟಿನ ಮೇಲೆ ಏನೂ ಇರಲಿಲ್ಲ. ಆದರೂ ಮಂಗಳೂರಿನಿಂದ ಬರುವಾಗ ಕುಂಬಳೆ ಹತ್ತಿರ ಹಳದಿ ದೀಪ ಬಂತು, ಕೂಲಂಟ್ ಕಡಿಮೆ ಅಂತ. ಜಡಿಮಳೆ. ಕೂಡಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಈ ದೀಪ ಬಂದಾಗ ಇನ್ನೊಂದು ಐದು ಕಿ.ಮೀ. ಅಂತ ಓಡಿಸುವವರಿದ್ದಾರೆ. ಅಲ್ಯೂಮಿನಿಯಂ ಎಂಜಿನ್ನು, ಬಿಸಿಗೆ ಅದರ ಮೇಲ್ಭಾಗದ ಹೆಡ್ ಬಾಗಿದರೆ ಕಾರಿನ ಅರ್ಧ ಬೆಲೆಯೇ ಹೋದ ಹಾಗೆ. ಬಾನೆಟ್ ಎತ್ತಿದಾಗ ಎಂಜಿನ್ ಬದಿಯಿಂದ ಆವಿ ಬರುತ್ತಿತ್ತು. ಲಾರಿ ತರಿಸಿ ಅದರ ಮೇಲೆ ಹತ್ತಿಸಿ ವಾಪಸು ಮಂಗಳೂರಿಗೆ ಕಳಿಸಿದೆ.

ಕಂಪನಿಯ ಸರ್ವಿಸ್ ಸೆಂಟರಿನವರು ಕೊಟ್ಟ ಎಸ್ಟಿಮೇಟ್ 1.6 ಲಕ್ಷ. ರೇಡಿಯೇಟರ್, ಪಂಪ್, ಬಿಸಿ ನೋಡಿ ಕೂಲಂಟ್ ಬಿಡುವ ಥರ್ಮೋಸ್ಟ್ಯಾಟ್, ಎಲ್ಲ ಹೋಸ್‌ಗಳು. ಸೋರಿದ್ದು ಎಲ್ಲಿಂದ ಅಂತ ಕೇಳಿದೆ. ಸರಿಯಾದ ಉತ್ತರ ಇಲ್ಲ. ರೇಡಿಯೇಟರಿಗೆ ಏನಾಗಿದೆ ಅಂದರೆ, ಹಳೆಯದಾಗಿದೆ ಸರ್, ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು ಅಂದರು. ಕಾರನ್ನು ನೋಡಲು ಒಳಗೆ ಬಿಡಲಿಲ್ಲ, ಗಾಜಿನ ಕೋಣೆಯಲ್ಲಿ ಕಾಫಿ ಕೊಟ್ಟರು. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಜರ್ಮನ್ ಕಾರು ಇಟ್ಟುಕೊಂಡವನಿಗೆ ಕಾರಣ ಹೇಳುವ ಅಗತ್ಯ ಇಲ್ಲ ಅನ್ನುವ ಹಾಗೆ ನಡೆದುಕೊಂಡರಲ್ಲ, ಅದಕ್ಕೆ. ಆ ವಾರ ಕಾರು ಮಾರುವ ಯೋಚನೆಯೂ ಬಂದಿತ್ತು.

ಭಾವ ಒಬ್ಬ ಮೆಕ್ಯಾನಿಕ್ಕಿನ ನಂಬರ್ ಕೊಟ್ಟರು. ಕಂಪನಿ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುಡಿದು ಈಗ ಮಂಗಳೂರಿನ ಹೊರವಲಯದಲ್ಲಿ ಸ್ವಂತ ಗ್ಯಾರೇಜ್ ಇಟ್ಟವರು. ಅವರು ಮೊದಲು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಲಿಲ್ಲ. ಕೂಲಿಂಗ್ ಸಿಸ್ಟಮ್ಮಿಗೆ ಕೈಪಂಪಿನಲ್ಲಿ ಗಾಳಿ ಒತ್ತಿ ಟಾರ್ಚ್ ಹಿಡಿದು ಕಾದರು. ಸ್ವಲ್ಪ ಹೊತ್ತಿಗೆ ಎಂಜಿನ್ ಬದಿಯ ಒಂದು ಹೋಸಿನ ತುದಿಯಿಂದ ನೀಲಿ ಹನಿ ಇಣುಕಿತು. ಅಲ್ಲಿದ್ದ ಪ್ಲಾಸ್ಟಿಕ್ ಜೋಡಣೆಯನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಹೆಬ್ಬೆರಳಿನಷ್ಟು ದೊಡ್ಡದು, ಕಪ್ಪು ಇರಬೇಕಾದದ್ದು ಕಂದಾಗಿತ್ತು. "ಸುಮ್ನೆ ಒಮ್ಮೆ ಒತ್ತಿ ನೋಡಿ" ಅಂದರು. ಒತ್ತಿದೆ. ಹಪ್ಪಳದ ಹಾಗೆ ಮುರಿಯಿತು.

"ಕಾರು ನಿಂತಲ್ಲೇ ಕೆಳಗೆ ಬೀಳುವಷ್ಟು ಸೋರುದಿಲ್ಲ ಇದು. ಓಡುವಾಗ ಒತ್ತಡ ಬಂದರೆ ಆವಿಯಾಗಿ ಹೋಗ್ತದೆ. ನಿಮ್ಮ ರಟ್ಟಿಗೆ ಹೇಗೆ ಸಿಗಬೇಕು ಮಾರಾಯ್ರೆ?"

ಆಮೇಲೆ ಅವರು ವಿವರಿಸಿದ್ದು ನನಗೆ ಈಗಲೂ ಉಪಯೋಗಕ್ಕೆ ಬರುತ್ತಿದೆ. ಈ ಎಂಜಿನ್ನುಗಳು ಮೈಲೇಜಿಗಾಗಿ ಕೂಲಂಟನ್ನು 100 ಡಿಗ್ರಿಗಿಂತ ಮೇಲೆ ಇಟ್ಟು ಓಡುತ್ತವೆ. ಒತ್ತಡ ಇರುವುದರಿಂದ ಕುದಿಯುವುದಿಲ್ಲ. ಆದರೆ ಆ ಬಿಸಿಯನ್ನು ತಾಳಿಕೊಳ್ಳಬೇಕಾದದ್ದು ಗಾಜಿನ ನಾರು ಬೆರೆಸಿದ ನೈಲಾನ್. ನೀರಿನ ಪಂಪ್ ಕೂಡ ಬೆಲ್ಟಿನಿಂದ ತಿರುಗುವುದಲ್ಲ, ಕರೆಂಟಿನದ್ದು. ಹಳೆಯ ಪಂಪಿನ ಹಾಗೆ ಕಿರ್ರೆಂದು ಮೊದಲೇ ಶಬ್ದ ಮಾಡುವುದಿಲ್ಲ, ಒಂದು ದಿನ ಸುಮ್ಮನೆ ನಿಂತುಬಿಡುತ್ತದೆ. ಕಾರು ಹೇಗೂ ಬಿಚ್ಚಿದೆ, ಪಂಪು, ಥರ್ಮೋಸ್ಟ್ಯಾಟ್ ಮತ್ತು ಎಲ್ಲ ಪ್ಲಾಸ್ಟಿಕ್ ಜೋಡಣೆಗಳನ್ನು ಬದಲಾಯಿಸೋಣ, ರೇಡಿಯೇಟರ್ ಚೆನ್ನಾಗಿದೆ, ಮುಟ್ಟುವುದು ಬೇಡ ಅಂದರು. ಒಟ್ಟು 68,000 ಆಯಿತು. ಹಳೆಯ ಸಾಮಾನೆಲ್ಲ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟರು.

ಕೊನೆಗೆ ಕೂಲಂಟಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸುವುದನ್ನು ನೋಡಲು ಕರೆದರು. ಎಂಜಿನ್ ಆಫ್. ಇಗ್ನಿಷನ್ ಮಾತ್ರ ಆನ್, ಹೀಟರ್ ಪೂರ್ತಿ, ಫ್ಯಾನ್ ಕಡಿಮೆ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹತ್ತು ಸೆಕೆಂಡ್ ಹಿಡಿದರೆ ಪಂಪ್ ತನ್ನಷ್ಟಕ್ಕೆ ಶುರುವಾಗುತ್ತದೆ, ಸುಮಾರು 12 ನಿಮಿಷ ಓಡಿ ತಾನೇ ನಿಲ್ಲುತ್ತದೆ. ಪಂಪ್ ಗುಂಯ್‌ಗುಟ್ಟುತ್ತಾ ಮೇಲಿನ ಡಬ್ಬಿಯಲ್ಲಿ ಗುಳ್ಳೆ ಬರುತ್ತದೆ, ಕಡಿಮೆಯಾಗುತ್ತದೆ, ಮತ್ತೆ ಒಂದು ದೊಡ್ಡದು ಬರುತ್ತದೆ, ಆಮೇಲೆ ಡಬ್ಬಿ ಸ್ತಬ್ಧ. ನಿಂತ ಎಂಜಿನ್ನಿನೊಳಗೆ ನೀರು ಸುತ್ತುವುದನ್ನು ಕೇಳಿದ್ದು ನನಗೆ ಅದೇ ಮೊದಲು. ಕಾರಿನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಈಗ ಕೂಲಂಟ್ ಕೆಲಸ ಮನೆಯ ಶೆಡ್ಡಿನಲ್ಲಿ ನಾನೇ ಮಾಡುತ್ತೇನೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಗುಡ್ಡ ಕೊರೆದು ಮಾಡಿದ ನಮ್ಮ ಸುರಂಗದ ನೀರು ಎಷ್ಟೇ ತಿಳಿಯಾಗಿರಲಿ, ಅದಕ್ಕೆ ಹಾಕುವುದಿಲ್ಲ.

ಉಳಿದವು ಚಿಕ್ಕವು. ರನ್ ಫ್ಲಾಟ್ ಟಯರ್ ಪಂಕ್ಚರ್ ಆದರೂ 80 ಕಿ.ಮೀ. ಓಡುತ್ತದೆ ಅನ್ನುವುದು ನಿಜ, ನಮಗೆ ಮಂಗಳೂರು ಮುಟ್ಟಲು ಸಾಕು. ಆದರೆ ಒಳರಸ್ತೆಯ ಗುಂಡಿಯಲ್ಲಿ ಅದರ ಗಟ್ಟಿ ಬದಿ ಸೊಂಟಕ್ಕೇ ಹೊಡೆಯುತ್ತದೆ. ನಾನು ಸಾದಾ ಟಯರ್ ಹಾಕಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಇಲಿ ಬಾನೆಟ್ ಒಳಗೆ ಗೂಡು ಮಾಡುತ್ತದೆ, ವಾರಕ್ಕೊಮ್ಮೆ ತೆರೆದು ನೋಡಲೇಬೇಕು. ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬದಲಾಯಿಸಬೇಕಿಲ್ಲ ಅಂತ ಕೌಂಟರಿನಲ್ಲಿ ಹೇಳುತ್ತಾರೆ. ಆ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಾಯಿಸಲು ಹೇಳುತ್ತದೆ. ಬದಲಾಯಿಸಿದ ಮೇಲೆ ಎರಡರಿಂದ ಒಂದಕ್ಕೆ ಇಳಿಯುವಾಗ ಇದ್ದ ಸಣ್ಣ ಜಗ್ಗು ಹೋಯಿತು.

ದುಡ್ಡಿನ ವಿಷಯದಲ್ಲಿ ನನ್ನ ಪದ್ಧತಿ ಇಷ್ಟೇ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಹಾಕಿದಾಗಲೆಲ್ಲ ಒಂದು ಪಾಲು ಕಾರಿನ ಖಾತೆಗೆ ಹೋಗುತ್ತದೆ. ಅದರಲ್ಲಿ ಯಾವಾಗಲೂ ಎರಡು ಲಕ್ಷ ಇರಬೇಕು. ಅಡಿಕೆಗೆ ಕೊಳೆರೋಗ ಬಂದ ವರ್ಷವೂ ಅದನ್ನು ಮನೆ ಖರ್ಚಿಗೆ ಮುಟ್ಟಿಲ್ಲ. ಸಂಬಳದವರು ತಿಂಗಳಿಗಿಷ್ಟು ಅಂತ ಇಡಬಹುದು. ಆ ಎರಡು ಲಕ್ಷ ಕಾರು ತರುವ ದಿನವೇ ಕೈಯಲ್ಲಿ ಇಲ್ಲದಿದ್ದರೆ ಈ ಕಾರು ಬೇಡ. ಮನೆಯಲ್ಲಿ ಇನ್ನೊಂದು ವಾಹನ ಇಲ್ಲದಿದ್ದರೂ ಬೇಡ. ಒಂದು ಸಾಮಾನು ಬರಲು ವಾರ, ಹತ್ತು ದಿನ ಕಾಯಬೇಕಾಗುತ್ತದೆ. ಅಷ್ಟು ದಿನ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಮ್ಮ ಹಳೆಯ ಆಲ್ಟೊ.

ಗಡಿಯ ಈಚೆ ಕೇರಳದಲ್ಲಿ ಇರುವವರಿಗೆ ಇನ್ನೊಂದು ಮಾತು. ಮಂಗಳೂರು, ಪುತ್ತೂರಿನಲ್ಲಿ ಇಂಥ ಕಾರುಗಳು ಕಾಸರಗೋಡಿಗಿಂತ ಜಾಸ್ತಿ ಸಿಗುತ್ತವೆ. ಆದರೆ ಮಂಗಳೂರಿನ ಕೆಎ 19 ನಂಬರಿನಲ್ಲೇ ಇಲ್ಲಿ ವರ್ಷಗಟ್ಟಲೆ ಓಡಿಸಲಾಗುವುದಿಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಬೇಕು ಅಂತ ಕಾನೂನಿದೆ. ಕರ್ನಾಟಕದ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಬೇಕು. ಕೇರಳದ ತೆರಿಗೆಯನ್ನು ನೀವು ಕೊಟ್ಟ ಬೆಲೆಗೆ ಹಾಕುವುದಿಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕಂತೆ ಇಳಿಸಿ ಹಾಕುತ್ತಾರೆ. ದುಬಾರಿ ಕಾರಿಗೆ ಅದು ಲಕ್ಷಗಳಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸು ಪಡೆಯಲು ಅರ್ಜಿ ಹಾಕಬಹುದು, ಅದಕ್ಕೆ ಕಾಸರಗೋಡಿನ ಹೊಸ ಕೆಎಲ್ 14 ಆರ್‌ಸಿಯ ಪ್ರತಿ ಬೇಕು. ಡಾಕ್ಟರ ಹತ್ತಿರ ಬೆಲೆ ಮಾತಾಡುವಾಗ ನಾನು ಈ ತೆರಿಗೆಯನ್ನೂ ಸೇರಿಸಿಯೇ ಚೌಕಾಸಿ ಮಾಡಿದ್ದೆ. ನೀವೂ ಹಾಗೆಯೇ ಮಾಡಿ.